ಹಿಂದಿನ ಸೀಟಲ್ಲಿ ಕೂತಿದ್ರಾ?

ಹಾಸನದ ಓದುಗರೊಬ್ಬರ ಪತ್ರ: ಮದುವೆ ಮುಗಿಸಿ ರಾತ್ರಿ ವಾಪಸ್ ಬರುವಾಗ ಇವರ ಕಾರು ಡಿವೈಡರ್‌ಗೆ ಗುದ್ದಿದೆ. ಯಾರಿಗೂ ರಕ್ತ ಬಂದಿಲ್ಲ, ಮನೆಗೆ ಹೋಗಿ ಮಲಗಿದ್ದಾರೆ. ಬೆಳಗಿನ ಜಾವ, ಹಿಂದಿನ ಸೀಟಲ್ಲಿದ್ದ 70 ದಾಟಿದ ತಾಯಿಗೆ ವಾಂತಿ, ಮಂಪರು. ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲಿ ಕೂತಿದ್ರು, ಬೆಲ್ಟ್ ಹಾಕಿದ್ರಾ, ಎಷ್ಟು ಸ್ಪೀಡಿತ್ತು, ಡ್ರೈವರ್ ಕುಡಿದಿದ್ರಾ ಅಂತ ಒಂದರ ಮೇಲೊಂದು ಕೇಳಿದರಂತೆ. ಈಗ ತಾಯಿ ಚೇತರಿಸಿಕೊಂಡಿದ್ದಾರೆ. "ಚಿಕಿತ್ಸೆ ಬಿಟ್ಟು ಪೊಲೀಸರ ಥರ ವಿಚಾರಣೆ ಯಾಕೆ?" ಎಂಬುದು ಇವರ ಸಿಟ್ಟು.

ಸಂಪಾದಕರ ಉತ್ತರ:

ತಾಯಿ ಹುಷಾರಾಗಿದ್ದಾರಲ್ಲ, ಸಮಾಧಾನ. ಸಿಟ್ಟು ಮಾತ್ರ ಬಿಟ್ಟುಬಿಡಿ. ಪೆಟ್ಟು ಹೊರಗೆ ಕಾಣದಿದ್ದಾಗ ಒಳಗೆ ಎಲ್ಲಿ ಹುಡುಕಬೇಕು ಅಂತ ಡಾಕ್ಟರಿಗೆ ದಾರಿ ತೋರಿಸುವುದೇ ಆ ಪ್ರಶ್ನೆಗಳು. ಬೆಲ್ಟ್ ಹಾಕದ ಡ್ರೈವರ್ ಎದೆ ಸ್ಟೀರಿಂಗಿಗೆ ಬಡಿದಿರುತ್ತದೆ. ಪಕ್ಕೆಲುಬು, ಶ್ವಾಸಕೋಶ ನೋಡಬೇಕು. ಪಕ್ಕದವರ ಮಂಡಿ ಡ್ಯಾಶ್‌ಬೋರ್ಡಿಗೆ ಗುದ್ದಿದ್ದರೆ ಸೊಂಟದ ಕೀಲೇ ಜಾರಿರಬಹುದು. ಬೆಲ್ಟ್ ಹಾಕಿದವರ ಹೊಟ್ಟೆ ಮೇಲೆ ಪಟ್ಟಿಯ ಬಾಸುಂಡೆ ಎದ್ದಿದ್ದರೆ ಕರುಳಿಗೆ ಏಟಾಗಿದೆಯಾ ಅನ್ನೋ ಅನುಮಾನ. ಸ್ಪೀಡ್ 80ರಿಂದ 100ಕ್ಕೆ ಏರಿದರೆ ಗುದ್ದಿನ ಶಕ್ತಿ ಒಂದೂವರೆ ಪಟ್ಟು ದಾಟುತ್ತದೆ. ತೂಕಡಿಸಿದ ಡ್ರೈವರಾದರೆ ಎಷ್ಟೋ ಸಲ ಬ್ರೇಕೇ ಒತ್ತಿರುವುದಿಲ್ಲ. ಕುಡಿತದ ಪ್ರಶ್ನೆಯೂ ಅಷ್ಟೇ. ಮಂಪರು ಮದ್ಯದ್ದೋ ಮಿದುಳಿನ ಪೆಟ್ಟಿನದ್ದೋ ತಿಳಿಯಬೇಕಲ್ವಾ? ಅಲ್ಲಿ ಮರ್ಯಾದೆಗೆ ಅಂಜಿ ಸುಳ್ಳು ಹೇಳಬಾರದು.

ತಾಯಿ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರೆ ಅಂತ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ. ನನಗೆ ಕಂಡಂತೆ ಪತ್ರದಲ್ಲಿ ಅದೇ ಮುಖ್ಯ. ವಯಸ್ಸಾದಂತೆ ಮಿದುಳು ಕುಗ್ಗಿ, ಬುರುಡೆಯೊಳಗೆ ಜಾಗ ಜಾಸ್ತಿಯಾಗುತ್ತದೆ. ಜಿನುಗಿದ ರಕ್ತ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಗೊತ್ತೇ ಆಗದಂತೆ ಅಲ್ಲಿ ತುಂಬಿಕೊಳ್ಳಬಹುದು. ಆ ಮಾತ್ರೆ ನುಂಗುವವರಿಗೆ ರಕ್ತ ನಿಲ್ಲುವುದೂ ಕಷ್ಟ. ಇಂಥವರ ತಲೆಗೆ ಏಟಾದರೆ, ಚೆನ್ನಾಗೇ ಮಾತಾಡುತ್ತಿದ್ದರೂ ತಕ್ಷಣ ತೋರಿಸಿ. ಮಾತ್ರೆ ಚೀಟಿ ಜೊತೆಗಿರಲಿ.

ಬೆಲ್ಟಿನ ಬಕಲ್ ಸೀಟ್ ಕವರ್ ಅಡಿ ಸೇರಿಹೋಗಿತ್ತು ಅಂತ ನೀವೇ ಹೇಳಿದ್ದೀರಿ. ಎಷ್ಟೋ ಕಾರುಗಳ ಕಥೆ ಇದೇ. ಹೊಸ ಕಾರಿಗೆ ಚೆಂದದ ಕವರ್ ಹಾಕಿಸುತ್ತೇವೆ, ಹಿಂದಿನ ಬಕಲ್ ಒಳಗೆ ತಳ್ಳಿಬಿಡುತ್ತೇವೆ. ಮೇಲೆ ಸೀರೆ ಮುದುಡುತ್ತದೆ ಅನ್ನೋ ನೆಪ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಕೂತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಲ್ಲೇ, ಬೆಲ್ಟ್ ಇಲ್ಲದೆ. ಹಾಗೆ ಕೂತವರು ಮುಂದಿನ ಸೀಟಿಗೆ ಅಪ್ಪಳಿಸಿ ಅಲ್ಲಿದ್ದವರನ್ನೂ ಜಜ್ಜಿಬಿಡುತ್ತಾರೆ. ಕಾನೂನಿನಲ್ಲಿ ಹಿಂದಿನವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ 1000 ರೂಪಾಯಿ ದಂಡ.

ಇನ್ನು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಪ್ರಕರಣ) ಅಂತ ಯಾಕೆ ಬರೆದರು ಅಂದಿದ್ದೀರಿ. ಅಪಘಾತದ ಗಾಯ ಅಂದ ಮೇಲೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಕೋರ್ಟು ಕಚೇರಿಗೆ ಹೆದರಿ "ಮೆಟ್ಟಿಲಿಂದ ಬಿದ್ದರು" ಅಂದರೆ ಡಾಕ್ಟರೂ ದಾರಿ ತಪ್ಪುತ್ತಾರೆ, ವಿಮೆಗೂ ತೊಡಕು. 2025ರ ಮೇ ತಿಂಗಳಿಂದ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಕೇಂದ್ರದ ಯೋಜನೆಯಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ಕೈಯಿಂದ ದುಡ್ಡು ಕೊಡದೆ ಚಿಕಿತ್ಸೆ ಸಿಗುತ್ತದೆ. ಅದು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ಅಪಘಾತ ಆಗಿದ್ದು ಹೌದು ಅಂತ ಪೊಲೀಸರು ಖಚಿತಪಡಿಸಬೇಕು.