ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಗಂಟೆ?

ನಿಮ್ಮ ತಾಯಿ ಮೊದಲ ಸಲ ಒಬ್ಬರೇ ಹೊರಟಿದ್ದಾರೆ, ಎಷ್ಟು ಹೊತ್ತು ಕೂರಬೇಕಾಗುತ್ತದೆ ಅಂತ ಕೇಳಿದ್ದೀರಿ. ನಾನು ನನ್ನ ಅಮ್ಮನ ಜೊತೆ ಈ ಪ್ರಯಾಣ ಮಾಡಿದ್ದೇನೆ, ಅದರಿಂದ ಹೇಳುತ್ತೇನೆ.

ನೇರ ದೂರ ಸುಮಾರು 14,000 ಕಿ.ಮೀ. ನಡುವೆ ಎಲ್ಲೂ ಇಳಿಯದ ವಿಮಾನವಾದರೆ ಹೋಗುವಾಗ ಹತ್ತಿರ ಹತ್ತಿರ 16 ಗಂಟೆ, ಬರುವಾಗ 17 ಗಂಟೆಗೂ ಜಾಸ್ತಿ. ವ್ಯತ್ಯಾಸಕ್ಕೆ ಕಾರಣ ಗಾಳಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಇದೆ. ಹೋಗುವಾಗ ವಿಮಾನ ಸಾಮಾನ್ಯವಾಗಿ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಕಡೆಗೆ ಹೊರಡುತ್ತದೆ. ಗಾಳಿ ಹಿಂದಿನಿಂದ ತಳ್ಳುತ್ತದೆ.

ಗೋಡೆಯ ನಕ್ಷೆ ನೋಡಿ ಯುರೋಪ್ ಮೇಲೆ ಹೋಗುವುದೇ ನೇರ ದಾರಿ ಅಂದುಕೊಳ್ಳುತ್ತೇವೆ, ಅಲ್ವಾ? ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ಮೇಲೆ ಬೆರಳಿಟ್ಟು ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಅದು ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹಾದು ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ, ಮಹಿಳಾ ಪೈಲಟ್‌ಗಳೇ ಅದನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿಳಿಸಿದರು. ಆ ಸುದ್ದಿ ಓದಿದಾಗ ಆದ ಖುಷಿ ಇನ್ನೂ ನೆನಪಿದೆ.

ನಾವು ಹೋದದ್ದು ಫ್ರಾಂಕ್‌ಫರ್ಟ್ ಮೂಲಕ. ಅಲ್ಲಿಯವರೆಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಮುಂದೆ 9,100. ಹಾರಾಟವೇ 20 ಗಂಟೆ ದಾಟುತ್ತದೆ, ಕಾಯುವ ಹೊತ್ತು ಬೇರೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವ ಹೊತ್ತಿಗೆ ಅಮ್ಮನ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗಲೇ ಇಲ್ಲ. ಬಾರಿನ ಗುರುತು ಕೆಂಪಗೆ ಮೂಡಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಬರೀ ಕಾಲುಚೀಲದಲ್ಲಿ ಮುಂದಿನ ಗೇಟ್‌ವರೆಗೆ ನಡೆದರು.

ಅದಕ್ಕೇ ಹೇಳುತ್ತೇನೆ, ವಯಸ್ಸಾದವರು ಒಬ್ಬರೇ ಹೋಗುವುದಾದರೆ, ಆ ದಿನಕ್ಕೆ ನೇರ ವಿಮಾನ ಇದ್ದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ನಡುವೆ ಕನಿಷ್ಠ 3 ಗಂಟೆ ಬಿಡುವಿರಲಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದೆ ಅಂತ ಅವರು ಬೇಡ ಅಂದರೂ ಕೇಳಿ. ದಾರಿ ತೋರಿಸಲು ಜೊತೆಗೊಬ್ಬರು ಸಿಗುತ್ತಾರೆ, ಅದೇ ದೊಡ್ಡ ಧೈರ್ಯ.

ಇನ್ನೊಂದು ವಿಷಯ. ಅಲ್ಲಿನ ಸಮಯ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅದೇ ತಾರೀಖಿನ ಸಂಜೆ ಐದೂವರೆಗೆ ಇಳಿಯುತ್ತಾರೆ. ಹಾಗಾಗಿ ಬಿ.ಪಿ., ಶುಗರ್ ಮಾತ್ರೆ ಇದ್ದರೆ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ಆ ಚೀಟಿ, ಮಾತ್ರೆ ಎರಡೂ ಕೈಚೀಲದಲ್ಲೇ ಇರಲಿ.