ವೈದೇಹಿ ಅವರನ್ನು ಓದಲು ಎಲ್ಲಿಂದ ಶುರು ಮಾಡಲಿ?

ವೈದೇಹಿ ಮುಖ್ಯವಾಗಿ ಕವಿಯೋ ಕತೆಗಾರ್ತಿಯೋ, ಹೊಸಬರು ಯಾವುದನ್ನು ಮೊದಲು ಓದಬೇಕು ಅಂತ ಕೇಳಿದ್ದೀರಿ. ಎರಡನೆಯದಕ್ಕೇ ಮೊದಲು ಹೇಳಿಬಿಡುತ್ತೇನೆ: ‘ಅಮ್ಮಚ್ಚಿಯೆಂಬ ನೆನಪು’ ಕತೆ. ಆದರೆ ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ಬಾಯಿಬಿಟ್ಟು ಓದಿ, ಸಾಧ್ಯವಾದರೆ ಯಾರಿಗಾದರೂ ಓದಿ ಹೇಳಿ.

ನಾನೂ ಕುಂದಾಪುರದ ಕಡೆಯವಳೇ. ಒಂದು ಮಧ್ಯಾಹ್ನ ಅಮ್ಮ ಕಾಯಿ ಹೆರೆಯುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಈ ಕತೆ ಓದುತ್ತಿದ್ದೆ. ತನ್ನಿಷ್ಟದಂತೆ ಇರಬೇಕೆನ್ನುವ ಅಮ್ಮಚ್ಚಿಯ ಮೇಲೆ ವೆಂಕಪ್ಪಯ್ಯ ಯಜಮಾನಿಕೆ ನಡೆಸುವ ಜಾಗಕ್ಕೆ ಬಂದಾಗ ಹೆರೆಮಣೆಯ ಸದ್ದು ನಿಂತಿತು. ಕಾಯಿಕಡಿ ಕೈಯಲ್ಲೇ ಇತ್ತು. “ಇವ್ರಿಗೆ ಹ್ಯಾಂಗ್ ಗೊತ್ತಾಯ್ತ್ ಮಾರಾಯ್ತಿ?” ಅಂದರು. ಮನೆಯ ಯಾವ ಹೆಣ್ಣಿನ ನೆನಪಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೀಗೆ ಗೊತ್ತಾಗುವುದಕ್ಕೆ ವೈದೇಹಿ ಬೆಳೆದ ಮನೆಯೇ ಕಾರಣವಿರಬೇಕು. 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದರು. ತಂದೆ ವಕೀಲರು, ಮನೆ ತುಂಬ ಜನ. ಮನೆಯವರು ಕರೆಯುತ್ತಿದ್ದುದು ವಸಂತಿ ಎಂದು, ಮದುವೆಯಾದ ಮೇಲೆ ಜಾನಕಿ ಶ್ರೀನಿವಾಸಮೂರ್ತಿ. ‘ವೈದೇಹಿ’ ಅವರಾಗಿ ಇಟ್ಟುಕೊಂಡ ಹೆಸರಲ್ಲ. ಬರೆಯಲು ತೊಡಗಿದ ದಿನಗಳಲ್ಲಿ ಪತ್ರಿಕೆಯೊಂದಕ್ಕೆ ಕತೆ ಕಳಿಸಿದರು. ನಿಜವಾಗಿ ನಡೆದದ್ದು ಅದರಲ್ಲಿತ್ತು, ಹಾಗಾಗಿ ಅಚ್ಚು ಮಾಡಬೇಡಿ ಎಂದು ಮತ್ತೆ ಕೇಳಿಕೊಂಡರು. ಸಂಪಾದಕರು ಬರೆದವರ ಹೆಸರನ್ನು ‘ವೈದೇಹಿ’ ಎಂದು ಬದಲಿಸಿ ಅಚ್ಚು ಮಾಡಿಬಿಟ್ಟರು! ಜಾನಕಿ, ವೈದೇಹಿ ಎರಡೂ ಸೀತೆಯ ಹೆಸರುಗಳೇ ಆಗಿರುವುದು ನನಗೆ ಇವತ್ತಿಗೂ ಸೋಜಿಗ.

ಇನ್ನು ಕವಿಯೋ ಕತೆಗಾರ್ತಿಯೋ ಎಂಬ ಮಾತು. ಹೆಸರು ತಂದದ್ದು ಕತೆಗಳೇ. 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ. ಆದರೂ ನನ್ನ ಕೇಳಿದರೆ ಕತೆಗಳೊಳಗೆ ಉಸಿರಾಡುವವಳು ಕವಿಯೇ. ‘ತಿಳಿದವರೇ, ಹೇಳಿ’ ಎಂಬ ಕವಿತೆ ಓದಿ ನೋಡಿ. ಕಾವ್ಯದ ಬಗ್ಗೆ ನನಗೇನೂ ತಿಳಿಯದು, ತಿಳಿಸಾರು ಬೇಕಾದರೆ ಗೊತ್ತು ಅನ್ನುತ್ತಾಳೆ ಅದರಲ್ಲಿನ ಹೆಂಗಸು. ‘ತಿಳಿ’ ಅಂದರೆ ಅರಿವೂ ಹೌದು, ಕಲಕದೆ ನಿಂತ ನೀರೂ ಹೌದು. ಗಷ್ಟು ಅಡಿಗಿಳಿದು ಮೇಲೆ ತಿಳಿ ನಿಲ್ಲಬೇಕಾದರೆ ಸಾರನ್ನು ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡಬೇಕು, ಅಡುಗೆ ಮಾಡುವವರಿಗೆಲ್ಲ ಗೊತ್ತು. ಅವರ ಕತೆಗಳೂ ಹಾಗೇ. ಮೇಲೆ ಹೆಂಗಸರ ಹರಟೆ, ನಗು, ಗೇಲಿ. ದುಃಖ ತಳದಲ್ಲಿ ಕೂತಿರುತ್ತದೆ, ಅದನ್ನು ಅವರು ಸೌಟು ಹಾಕಿ ಕಲಕುವುದಿಲ್ಲ.

ಕುಂದಾಪುರದ ಮಾತು ಅರ್ಥವಾಗದಿದ್ದರೆ ಅಂತ ಹೆದರಬೇಡಿ. ನಾಲ್ಕು ಪುಟ ಗಟ್ಟಿಯಾಗಿ ಓದುವಷ್ಟರಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ.

ಆಮೇಲೆ ‘ಅಕ್ಕು’ ಓದಿ, ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಓದಿ. ಕಾದಂಬರಿ ‘ಅಸ್ಪೃಶ್ಯರು’ ನಿಧಾನಕ್ಕಿರಲಿ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಸಿನಿಮಾ ನೋಡಿದ್ದೇನಲ್ಲ ಎಂದು ಮಾತ್ರ ಕತೆ ಬಿಡಬೇಡಿ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಒಳ್ಳೆಯ ಸಿನಿಮಾ ಅದು, ಆದರೆ ಅಲ್ಲಿ ಬರುವುದು ಟಿ.ವಿ. ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಹೆಂಗಸರು ಮನೆ ದಾಟಿ ಹೊರಡುತ್ತಾರೆ.