ಬಾರ್‌ಕೋಡ್ ಕೆಲವಕ್ಕೆ 13 ಅಂಕಿ, ಕೆಲವಕ್ಕೆ 12, ಕೆಲವಕ್ಕೆ 8: ಬಿಲ್ಲಿಂಗ್‌ನಲ್ಲಿ ಇವನ್ನೆಲ್ಲ ಹೇಗೆ ಇಟ್ಟುಕೊಳ್ಳಬೇಕು?

ನಮ್ಮದು ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ದಿನಸಿ ಅಂಗಡಿ. ಚಿಕ್ಕಮಗಳೂರಿನ ನಿಮ್ಮ ಅಂಗಡಿಯಲ್ಲಿ ಐಟಂ ಪಟ್ಟಿಯನ್ನು ಎಕ್ಸೆಲ್‌ನಿಂದ ಏರಿಸಿದ ಮೇಲೆ, ಸ್ಕ್ಯಾನರ್ ಸರಿಯಾಗಿ ಓದಿದರೂ ‘ಐಟಂ ಸಿಗಲಿಲ್ಲ’ ಅಂತ ಬರುತ್ತಿದೆ ಎಂದು ಬರೆದಿದ್ದೀರಿ. ಬಿಡಿ ಕಾಫಿಪುಡಿಗೆ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಇದೇ ತೊಂದರೆಯಲ್ಲಿ ನಾನು ಒಂದು ದೀಪಾವಳಿ ಸೀಸನ್ ಪೂರ್ತಿ ಒದ್ದಾಡಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಬಾರ್‌ಕೋಡನ್ನು ಸಂಖ್ಯೆ ಅಂತ ಇಡಬೇಡಿ, ಟೆಕ್ಸ್ಟ್ ಅಂತ ಇಡಿ. ನಮ್ಮೂರಿನ ಎಸ್‌ಟಿಡಿ ಕೋಡ್ 08172, ನಿಮ್ಮದು 08262. ಮುಂದಿನ ಸೊನ್ನೆ ತೆಗೆದರೆ ಲೆಕ್ಕದಲ್ಲಿ ಬೆಲೆ ಬದಲಾಗಲ್ಲ ನಿಜ, ಆದರೆ ಫೋನ್ ಹೋಗಲ್ಲ. ಬಾರ್‌ಕೋಡೂ ಹಾಗೇ. ಅದು ಮಾಲಿನ ಹೆಸರು, ಅಂಕಿಗಳಲ್ಲಿ ಬರೆದಿದ್ದಾರೆ ಅಷ್ಟೆ.

ನನ್ನ ಅಂಗಡಿಯಲ್ಲಿ ಕೈಕೊಟ್ಟಿದ್ದು ಹೊರದೇಶದ ಚಾಕೊಲೇಟು, ಕಡಲೆಬೀಜದ ಬೆಣ್ಣೆ ಇಂಥವು. ಅಮೆರಿಕದ ಮಾಲಿನ ಮೇಲೆ ಇರೋದು 12 ಅಂಕಿಯ ಯುಪಿಸಿ (ಅಲ್ಲಿನ ಬಾರ್‌ಕೋಡ್ ಪದ್ಧತಿ), ಅದರಲ್ಲಿ ಬಹಳಷ್ಟು ಸೊನ್ನೆಯಿಂದಲೇ ಶುರುವಾಗುತ್ತವೆ. 012345678905 ಅಂತ ಒಂದು ಇದೆ ಅಂದುಕೊಳ್ಳಿ. ಎಕ್ಸೆಲ್ ಅದನ್ನು 12345678905 ಮಾಡಿಬಿಡುತ್ತದೆ, 11 ಅಂಕಿ. ಗಲ್ಲಾದ ಹತ್ತಿರ ಇದ್ದ ಸ್ಕ್ಯಾನರ್ ಅದನ್ನು 12 ಅಂಕಿಯಾಗಿ ಕಳಿಸುತ್ತಿತ್ತು. ಗೋಡೌನಿನಲ್ಲಿದ್ದ ಇನ್ನೊಂದು, ಮುಂದೆ ಇನ್ನೊಂದು ಸೊನ್ನೆ ಸೇರಿಸಿ 13 ಮಾಡಿ ಕಳಿಸುತ್ತಿತ್ತು. ಎರಡರ ಸೆಟ್ಟಿಂಗ್ ಬೇರೆಬೇರೆ ಅಂತ ಆಮೇಲೆ ಗೊತ್ತಾಯಿತು. ಒಂದೇ ಡಬ್ಬಿಗೆ ಮೂರು ರೂಪ. ನಮ್ಮ ಹುಡುಗ ಸಿಗದೇ ಇದ್ದಾಗೆಲ್ಲ ಹೊಸ ಐಟಂ ಅಂತ ಸೇರಿಸುತ್ತಾ ಹೋದ. ತಿಂಗಳ ಕೊನೆಗೆ ಸ್ಟಾಕ್ ನೋಡಿದರೆ ಒಂದು ಹೆಸರಿನಲ್ಲಿ ಮೈನಸ್, ಇನ್ನೊಂದರಲ್ಲಿ ಮಾರಾಟವೇ ಇಲ್ಲ.

ಇದಕ್ಕೆ ದಾರಿ ಇದೆ. 8 ಇರಲಿ, 12 ಇರಲಿ, 13 ಇರಲಿ, ಎಡಗಡೆ ಸೊನ್ನೆ ತುಂಬಿಸಿ ಎಲ್ಲವನ್ನೂ 14 ಅಂಕಿ ಮಾಡಿ ಇಡಲು ಸಾಫ್ಟ್‌ವೇರ್‌ನವರಿಗೆ ಹೇಳಿ. ಸ್ಕ್ಯಾನ್ ಆಗಿ ಬಂದದ್ದನ್ನೂ ಹಾಗೇ 14 ಮಾಡಿಕೊಂಡೇ ಹುಡುಕಬೇಕು. ಆಗ ಯಾವ ಸ್ಕ್ಯಾನರ್ ಎಷ್ಟು ಕಳಿಸಿದರೂ ಒಂದೇ ಕಡೆ ಬಂದು ಸೇರುತ್ತದೆ. ಒಂದಕ್ಕೆ ಮಾತ್ರ ಹುಷಾರು: ಸಣ್ಣ ಪೊಟ್ಟಣದ ಮೇಲಿನ 8 ಅಂಕಿಯಲ್ಲಿ ಇಎಎನ್-8 (8 ಅಂಕಿಯೇ ಅದರ ಪೂರ್ತಿ ಕೋಡ್) ಬೇರೆ, ಯುಪಿಸಿ-ಇ ಬೇರೆ. ಎರಡನೆಯದು 12 ಅಂಕಿಯ ಯುಪಿಸಿಯನ್ನು ಕುಗ್ಗಿಸಿದ್ದು. ಅದನ್ನು ಮೊದಲು 12ಕ್ಕೆ ಬಿಡಿಸಿಕೊಳ್ಳಬೇಕು, ಬರೀ ಸೊನ್ನೆ ತುಂಬಿದರೆ ತಪ್ಪಾಗುತ್ತದೆ. ಬಿಡಿಸಿ ಕಳಿಸುವ ಸೆಟ್ಟಿಂಗ್ ಸಾಮಾನ್ಯವಾಗಿ ಸ್ಕ್ಯಾನರಿನಲ್ಲೇ ಇರುತ್ತದೆ.

ಸೊನ್ನೆ ತುಂಬಿದರೆ ಕೊನೆಯ ಚೆಕ್ ಅಂಕಿ (ಉಳಿದ ಅಂಕಿಗಳು ಸರಿಯಿವೆಯೇ ಅಂತ ಪರೀಕ್ಷಿಸಲು ಇಟ್ಟದ್ದು) ಕೆಡಲ್ಲವೇ ಅಂತ ಅನ್ನಿಸಬಹುದು. ಕೆಡಲ್ಲ, ಯಾಕೆಂದರೆ ಆ ಲೆಕ್ಕ ಬಲಗಡೆಯಿಂದ ಶುರುವಾಗುತ್ತದೆ. ಚೆಕ್ ಅಂಕಿ ಬಿಟ್ಟು ಉಳಿದ 12 ಅಂಕಿ, 890123456789 ತಗೊಳ್ಳಿ. ಬಲತುದಿಯಿಂದ ಒಂದು ಬಿಟ್ಟು ಒಂದು, 9, 7, 5, 3, 1, 9 ಕೂಡಿದರೆ 34, ಅದರ ಮೂರರಷ್ಟು 102. ಉಳಿದ 8, 6, 4, 2, 0, 8 ಕೂಡಿದರೆ 28. ಒಟ್ಟು 130. ಹತ್ತರಿಂದ ಸರಿಯಾಗಿ ಭಾಗವಾಗುತ್ತದೆ, ಹಾಗಾಗಿ ಕೊನೆಯ ಅಂಕಿ 0, ಪೂರ್ತಿ ಕೋಡ್ 8901234567890. ಕೈಯಲ್ಲಿ ಟೈಪ್ ಮಾಡಿ ಐಟಂ ಸೇರಿಸುವಾಗ ಈ ಪರೀಕ್ಷೆಯನ್ನು ಸಾಫ್ಟ್‌ವೇರ್ ಮಾಡಲೇಬೇಕು. ಒಂದು ಅಂಕಿ ತಪ್ಪಿದರೂ ಅಲ್ಲೇ ಹಿಡಿದುಹಾಕುತ್ತದೆ.

ಇದೇ ಮಾಲಿನ ರಟ್ಟಿನ ಬಾಕ್ಸ್ ಮೇಲೆ 18901234567897 ಅಂತ 14 ಅಂಕಿ ಇರಬಹುದು. ಮುಂದೆ 1 ಬಂದಿದೆ, ಕೊನೆಯ ಅಂಕಿಯೂ 7 ಆಗಿದೆ. ಇದು ಬಿಡಿ ಪ್ಯಾಕೆಟ್ ಅಲ್ಲ, ಪೂರ್ತಿ ಬಾಕ್ಸ್. ಇದನ್ನು ಬೇರೆ ಕೋಡಾಗಿಯೇ ಸೇರಿಸಿ, ಒಂದು ಬಾಕ್ಸ್‌ಗೆ ಇಷ್ಟು ಪ್ಯಾಕೆಟ್ ಅಂತ ಜೋಡಿಸಿ. ಮುಂದಿನ 1 ಕತ್ತರಿಸಿ ಹುಡುಕಲು ಹೋಗಬೇಡಿ.

ಇನ್ನು ಕಾಫಿಪುಡಿ. ತೂಕದ ಮೆಷಿನ್ ಹಾಕುವ ಲೇಬಲ್ 20ರಿಂದ 29ರೊಳಗೆ ಶುರುವಾಗುವಂತೆ ಮಾಡಿಸಿ. ಅಂಗಡಿಯ ಒಳಗಿನ ಬಳಕೆಗೆ ಅಂತಲೇ ಅದನ್ನು ಮೀಸಲಿಟ್ಟಿದ್ದಾರೆ. ನನ್ನ ಮೆಷಿನ್ ಲೇಬಲ್ 2100045007502 ಹೀಗಿರುತ್ತದೆ. 21 ಗುರುತು, 00045 ಐಟಂ, 00750 ಅಂದರೆ 750 ಗ್ರಾಂ, ಕೊನೆಯ 2 ಚೆಕ್ ಅಂಕಿ. ಸಾಫ್ಟ್‌ವೇರ್ ಇದನ್ನು ಇಡಿಯಾಗಿ ಹುಡುಕಬಾರದು. ತುಂಡುಮಾಡಿ ಐಟಂ ಒಂದು ಕಡೆ, ತೂಕ ಒಂದು ಕಡೆ ತಗೊಳ್ಳಬೇಕು. ಚಿಕೋರಿ ಬೆರೆಸಿದ್ದು, ಬೆರೆಸದ್ದು ಎರಡಕ್ಕೂ ಬೇರೆಬೇರೆ ಐಟಂ ನಂಬರ್ ಕೊಡಿ. ಆದರೆ ನಿಮ್ಮ ಪುಡಿಯನ್ನು ಪ್ಯಾಕ್ ಮಾಡಿ ಬೇರೆ ಅಂಗಡಿಗೂ ಕೊಡುವ ಆಸೆ ಇದ್ದರೆ ಈ ನಂಬರ್ ನಡೆಯಲ್ಲ. ಅದೇ ನಂಬರ್ ಅಲ್ಲಿ ಉಪ್ಪಿನಕಾಯಿಯೋ ಬೆಲ್ಲವೋ ಆಗಿರಬಹುದು. ಅದಕ್ಕೆ ಬಾರ್‌ಕೋಡ್ ನಂಬರ್ ಕೊಡುವ ಸಂಸ್ಥೆ ಜಿಎಸ್1 ಇಂಡಿಯಾದಲ್ಲಿ ನೋಂದಾಯಿಸಿ 890ರಿಂದ ಶುರುವಾಗುವ ನಂಬರ್ ಪಡೆಯಬೇಕು. (890 ಇದ್ದರೆ ಇಲ್ಲೇ ತಯಾರಾದದ್ದು ಅಂತ ಗಿರಾಕಿಗಳು ತಿಳಿದಿರುತ್ತಾರೆ. ಅದು ಕಂಪನಿ ಎಲ್ಲಿ ನಂಬರ್ ಪಡೆಯಿತು ಅನ್ನೋದನ್ನು ಮಾತ್ರ ಹೇಳುತ್ತದೆ.)

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ಒಂದು ಬಾರ್‌ಕೋಡ್‌ಗೆ ಒಂದೇ ಎಂಆರ್‌ಪಿ ಅಂತ ಇಡುವ ಸಾಫ್ಟ್‌ವೇರ್ ನಮ್ಮ ಕಡೆಯ ಅಂಗಡಿಗೆ ಆಗಿಬರಲ್ಲ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿದಾಗ, ನಮ್ಮ ಒಂದೇ ಶೆಲ್ಫಿನಲ್ಲಿ ಹಳೇ ರೇಟಿನದೂ ಹೊಸ ರೇಟಿನದೂ ಅಕ್ಕಪಕ್ಕ ಕೂತಿತ್ತು, ಬಾರ್‌ಕೋಡ್ ಮಾತ್ರ ಒಂದೇ. ಕೋಡ್ ಒಂದು, ಅದರ ಕೆಳಗೆ ಎಂಆರ್‌ಪಿ ಎಷ್ಟಾದರೂ ಇರಬಹುದು, ಬಿಲ್ ಹಾಕುವವರು ಪ್ಯಾಕೆಟ್ ನೋಡಿ ಆರಿಸಬೇಕು. ಹಾಗೆ ಮಾಡಿಸಿಕೊಳ್ಳಿ.

ಸದ್ಯಕ್ಕೆ ನಿಮ್ಮ ಪಟ್ಟಿಯನ್ನು ಅಂಕಿಗಳ ಉದ್ದದ ಪ್ರಕಾರ ಜೋಡಿಸಿ ನೋಡಿ. 11 ಇರುವವು ಬಹುತೇಕ ಸೊನ್ನೆ ಕಳಕೊಂಡವು, ಸೊನ್ನೆ ಹಾಕಿ ಚೆಕ್ ಅಂಕಿ ತಾಳೆಯಾದರೆ ಸರಿಯಾದ ಹಾಗೆ. ಆದರೆ 8901230000000 ಥರ ಕೊನೆಗೆಲ್ಲ ಸೊನ್ನೆ ಇರುವವು ಕಂಡರೆ, ಎಕ್ಸೆಲ್ ಉದ್ದದ ನಂಬರನ್ನು ಚುಟುಕು ಮಾಡಿ ತೋರಿಸಿದಾಗ ಯಾರೋ ಹಾಗೇ ಸಿಎಸ್‌ವಿಗೆ (ಬರೀ ಅಕ್ಷರ-ಅಂಕಿಗಳ ಸಾದಾ ಫೈಲಿಗೆ) ಸೇವ್ ಮಾಡಿದ್ದಾರೆ ಅಂತ ಅರ್ಥ. ಆ ಅಂಕಿಗಳು ಯಾವ ಫಾರ್ಮುಲಾ ಹಾಕಿದರೂ ವಾಪಸ್ ಬರಲ್ಲ. ಅಂಕಣವನ್ನು ಟೆಕ್ಸ್ಟ್ ಮಾಡಿಕೊಂಡು, ಸ್ಕ್ಯಾನರ್ ಹಿಡಿದು ಶೆಲ್ಫಿನ ಹತ್ತಿರವೇ ಹೋಗಿ ಅವನ್ನು ಮತ್ತೆ ಓದಿಸಬೇಕು.